ಔಷಧಿಯಲ್ಲ, ಹೆಪ್ಪು

ಸೊರಬ ತಾಲೂಕಿನಲ್ಲಿ ಉಳವಿ ಕಡೆಯ ಬಸ್ಸಿಳಿದು ಶಾಲೆಯ ಹಿಂದಿನ ಬೇಲಿ ದಾಟಿ ಆ ನೆಲವನ್ನು ಮೊದಲ ಸಲ ನೋಡಿದಾಗ ದಸರಾ ರಜೆ ಮುಗಿದಿತ್ತಷ್ಟೆ. ಹೆಚ್ಚೆಂದರೆ ಅರ್ಧ ಎಕರೆ ಇದ್ದೀತು. ಒಂದು ಮೂಲೆಯಲ್ಲಿ ಒಡೆದ ಸಿಮೆಂಟ್ ತೊಟ್ಟಿಗಳು, ಅವುಗಳ ಸುತ್ತ ತಿಳಿನೀಲಿ ಹತ್ತಿದ ಕಲ್ಲುಗಳು. ಮಳೆಗಾಲ ಕಳೆದ ಹೊಸತು, ಸುತ್ತಲಿನ ಜಾಗವೆಲ್ಲ ಹಸಿರಾಗಿತ್ತು. ಈ ಅರ್ಧ ಎಕರೆ ಮಾತ್ರ ಬೋಳು, ಅಲ್ಲಲ್ಲಿ ಒಂದಿಷ್ಟು ಗರಿಕೆ. ನಡುವೆ ಮಡಿ ಮಾಡಿ ಬಿತ್ತಿದ್ದ ಹರಿವೆ ಬೆರಳೆತ್ತರಕ್ಕೆ ಬಂದು ಹಳದಿಯಾಗಿ ನಿಂತುಬಿಟ್ಟಿತ್ತು. ಒಂದು ಗಿಡ ಕಿತ್ತು ನೋಡಿದೆ. ಬೇರು ಸುಟ್ಟ ದಾರದ ಹಾಗೆ ಮೋಟಾಗಿ, ಕಂದಾಗಿತ್ತು.

"ಎಂತ ಹಾಕಿದ್ರೂ ಇಷ್ಟೇ ಮೇಡಂ," ಎಂದರು ನನ್ನನ್ನು ಕರೆಸಿ ಜೊತೆಗೆ ಬಂದಿದ್ದ ಮಹಿಳಾ ಸಂಘದ ಅಧ್ಯಕ್ಷೆ. "ಸಗಣಿ ಗೊಬ್ಬರ ಹಾಕಿದ್ವಿ, ಕುರಿ ಗೊಬ್ಬರ ತರ್ಸಿ ಹಾಕಿದ್ವಿ. ಈ ನೆಲಕ್ಕೆ ಬೆಳೆಯೋದೇ ಬ್ಯಾಡಾಗೈತೆ."

ಅದು ಹಿಂದೆ ಊರಿನವರೆಲ್ಲ ಬೋರ್ಡೋ ಕಲಸುತ್ತಿದ್ದ ಜಾಗ. ಅಡಿಕೆಗೆ ಕೊಳೆರೋಗ ಬಾರದಿರಲೆಂದು ಹೊಡೆಯುವ ಆ ದ್ರಾವಣವನ್ನು ಮೈಲುತುತ್ತ ಮತ್ತು ಸುಣ್ಣ ಸೇರಿಸಿ ಮಾಡುತ್ತಾರೆ. ಮೈಲುತುತ್ತದಲ್ಲಿರುವುದು ತಾಮ್ರ. ತಲೆಮಾರುಗಟ್ಟಲೆ ಪ್ರತಿ ಮಳೆಗಾಲದಲ್ಲಿ ಅಲ್ಲಿ ಕಲಸಿ, ಉಳಿದದ್ದನ್ನು ಅಲ್ಲೇ ಚೆಲ್ಲಿ, ಡ್ರಮ್ಮುಗಳನ್ನು ಅಲ್ಲೇ ತೊಳೆದಿದ್ದಾರೆ. ತಾಮ್ರ ಕೊಳೆಯುವುದಿಲ್ಲ, ಹಾರಿಹೋಗುವುದಿಲ್ಲ. ಬಿದ್ದಲ್ಲೇ ಕೂರುತ್ತದೆ. ಈಗ ಎಲ್ಲರೂ ಅವರವರ ತೋಟದಲ್ಲೇ ಕಲಸಿಕೊಳ್ಳುವುದರಿಂದ ಜಾಗ ಖಾಲಿ ಬಿದ್ದಿತ್ತು. ಶಾಲೆಯ ಬಿಸಿಯೂಟಕ್ಕೆ ತರಕಾರಿ ಬೆಳೆದುಕೊಡುತ್ತೇವೆ ಎಂದು ಸಂಘದವರು ಕೇಳಿದ್ದರು, ಪಂಚಾಯಿತಿ ಕೊಟ್ಟಿತ್ತು. ಕೊಟ್ಟು ಆಮೇಲೆ ಮನಸ್ಸು ಬದಲಿಸಿತ್ತು. ರಸ್ತೆಗೆ ಹತ್ತಿರ ಇರುವ ಜಾಗ, ಮಳಿಗೆ ಕಟ್ಟಿಸಿದರೆ ಬಾಡಿಗೆ ಬರುತ್ತದೆ ಎಂಬ ಮಾತು ಎದ್ದಿತ್ತು. ಕೊನೆಗೆ ಆದ ತೀರ್ಮಾನ ಇಷ್ಟು: ಬೇಸಿಗೆ ರಜೆಗೆ ಶಾಲೆ ಮುಚ್ಚುವುದರೊಳಗೆ ಈ ನೆಲದ ತರಕಾರಿ ಶಾಲೆಯ ಅಡುಗೆಮನೆ ಸೇರಬೇಕು. ಸೇರದಿದ್ದರೆ ಅಲ್ಲಿ ಮಳಿಗೆ ಏಳುತ್ತದೆ.

"ಸಂಘದಾಗೆ ಸ್ವಂತ ಜಮೀನು ಇರೋರು ಒಬ್ರೂ ಇಲ್ಲ," ಎಂದರು ಅಧ್ಯಕ್ಷೆ. "ನಮ್ದು ಅಂತ ಕೈಗೆ ಬಂದಿರೋ ನೆಲ ಇದೊಂದೇ."

ಆ ಮಾತಿಗೆ ನಾನು ಸಿಕ್ಕಿಬಿದ್ದೆ. ನಾನು ಶಿಕಾರಿಪುರದ ಒಂದು ಸಣ್ಣ ಜೈವಿಕ ಗೊಬ್ಬರ ಕೇಂದ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಸುವವಳು. ಮನೆಯಲ್ಲಿ ತಲೆತಲಾಂತರದಿಂದ ಕುರಿ ಸಾಕಿದವರು. "ನಾವು ಕುರಿ ಸಾಕಿದ್ವಿ, ಮಗಳು ಹುಳ ಸಾಕ್ತಾಳ," ಎಂದು ಅವ್ವ ಬಂದವರಿಗೆಲ್ಲ ಹೇಳುತ್ತಾಳೆ. ನನಗೆ ಅದರಲ್ಲೇನೂ ಬೇಸರವಿಲ್ಲ. ಕುರಿ ತಪ್ಪಿಸಿಕೊಂಡರೆ ಹುಡುಕಬಹುದು, ನನ್ನವು ತಪ್ಪಿಸಿಕೊಂಡರೆ ಕಣ್ಣಿಗೂ ಕಾಣುವುದಿಲ್ಲ. ಹಾಗಾಗಿ ನನ್ನ ಕೆಲಸ ಇನ್ನೂ ಕಷ್ಟದ್ದು ಎಂದು ಅವಳಿಗೆ ಹೇಳಿ ನೋಡಿದ್ದೇನೆ, ಒಪ್ಪಿಲ್ಲ.

ಮಣ್ಣನ್ನು ಪರೀಕ್ಷೆಗೆ ಕಳಿಸಿ, ತಾಮ್ರವೇ ಕಾರಣ ಎಂದು ಖಾತ್ರಿಯಾದ ಮೇಲೆ ಶಾಲೆಯ ಜಗಲಿಯಲ್ಲಿ ಸಂಘದವರನ್ನೆಲ್ಲ ಕೂರಿಸಿ ವಿಷಯ ಹೇಳಿದೆ. ತಾಮ್ರವನ್ನು ನೆಲದಿಂದ ತೆಗೆಯಲು ನಮ್ಮಿಂದ ಆಗದು. ಆದರೆ ಕೆಲವು ಬ್ಯಾಕ್ಟೀರಿಯಾಗಳು ಬೇರಿನ ಸುತ್ತ ಲೋಳೆ ಕಟ್ಟಿ ತಾಮ್ರವನ್ನು ಅಲ್ಲೇ ಹಿಡಿದಿಡುತ್ತವೆ, ಒಳಗೆ ಬಿಡುವುದಿಲ್ಲ. ತಾಮ್ರ ಹೆಚ್ಚಾದಾಗ ಗಿಡಕ್ಕೆ ಸಿಗದೆ ಹೋಗುವ ಕಬ್ಬಿಣವನ್ನು ಹುಡುಕಿ ತಂದುಕೊಡುತ್ತವೆ, ಬೇರು ಉದ್ದವಾಗಲು ನೆರವಾಗುತ್ತವೆ. ಅಂಥ ಬ್ಯಾಕ್ಟೀರಿಯಾ ತಂದು ಹಾಕೋಣ ಎಂದೆ.

ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಕೇಳಿದರು. "ಬ್ಯಾಕ್ಟೀರಿಯಾ ಅಂದ್ರೆ ಕಾಯಿಲೆದಲ್ಲವಾ ಮೇಡಂ? ನಮ್ ತಾಲೂಕಿನ ಊರ ಹೆಸರೇ ಇಟ್ಟಿರೋ ಕಾಯಿಲೆ ಒಂದು ಐತೆ. ಅದು ಸಾಲದು ಅಂತ ಇದೂ ಬ್ಯಾಡ."

ಕ್ಯಾಸನೂರಿನ ಮಾತು ಅದು. ಮಂಗನ ಕಾಯಿಲೆಗೆ ಹೊರಗಿನವರು ಆ ಊರಿನ ಹೆಸರಿಟ್ಟದ್ದು ಈ ಕಡೆಯವರಿಗೆ ಇಂದಿಗೂ ಚುಚ್ಚುತ್ತದೆ. ಅದು ವೈರಸ್, ಇದು ಬ್ಯಾಕ್ಟೀರಿಯಾ, ಎರಡೂ ಬೇರೆ ಎಂದೆ.

"ಎರಡೂ ಕಣ್ಣಿಗೆ ಕಾಣಲ್ಲ ತಾನೆ?"

"ಕಾಣಲ್ಲ."

"ಹಂಗಾರೆ ಎರಡೂ ಒಂದೇ."

ಸಭೆ ಕೈಜಾರುವುದನ್ನು ಕಂಡ ಅಧ್ಯಕ್ಷೆ ಎದ್ದುನಿಂತರು. "ಮೇಡಂ ತಂದಿರೋದು ಔಷಧಿ ಅಂತ ತಿಳ್ಕಳಿ. ಗಿಡಕ್ಕೆ ಔಷಧಿ." ಎಲ್ಲರ ತಲೆಯೂ ಆಡಿತು. ಔಷಧಿ ಹೊಡೆಯುವುದು ಅಲ್ಲಿ ಎಲ್ಲರಿಗೂ ಗೊತ್ತಿರುವ ಕೆಲಸ. ಕೆಲಸವಾಗುವುದಿದ್ದರೆ ಹೆಸರಿನಲ್ಲೇನಿದೆ ಎಂದು ನಾನೂ ಸುಮ್ಮನಾದೆ. ಹೆಸರಿನಲ್ಲಿ ಎಲ್ಲವೂ ಇತ್ತು ಎಂದು ತಿಳಿದದ್ದು ಸಂಕ್ರಾಂತಿಯ ಹೊತ್ತಿಗೆ.

ಮೊದಲು ನಮ್ಮ ಕೇಂದ್ರದಲ್ಲಿ ಹಿಂದಿನಿಂದ ಬೆಳೆಸುತ್ತಿದ್ದ ತಳಿಯನ್ನೇ ಒಯ್ದು ಹಾಕಿದೆ. ಬೇರೆ ಹೊಲಗಳಲ್ಲಿ ಹೆಸರು ಮಾಡಿದ ತಳಿ ಅದು. ಬೀಜಕ್ಕೆ ಬೆಲ್ಲದ ನೀರಿನಲ್ಲಿ ಲೇಪ ಕೊಟ್ಟು ನೆರಳಲ್ಲಿ ಆರಿಸಿ ಬಿತ್ತಿದೆವು. ದೀಪಾವಳಿ ಕಳೆಯಿತು. ಹರಿವೆ ಮತ್ತೆ ಬೆರಳೆತ್ತರಕ್ಕೆ ಬಂದು ಹಳದಿಯಾಗಿ ನಿಂತಿತು. ಬೇರಿಗೆ ಅಂಟಿದ ಮಣ್ಣನ್ನು ತಂದು ಲ್ಯಾಬಿನಲ್ಲಿ ನೋಡಿದರೆ ನನ್ನ ತಳಿಯ ಸುಳಿವೇ ಇರಲಿಲ್ಲ. ಗಿಡವನ್ನು ತಾಮ್ರದಿಂದ ಕಾಪಾಡಲು ಹೋದದ್ದು ತಾನೇ ತಾಮ್ರಕ್ಕೆ ಸತ್ತಿತ್ತು.

ಸಿಟ್ಟು ನನಗೆ ಬೇಗ ಬರುತ್ತದೆ. ಆ ದಿನ ಯಾರ ಮೇಲೆ ತೋರಿಸಬೇಕೋ ತಿಳಿಯದೆ ಒಡೆದ ತೊಟ್ಟಿಯ ಅಂಚಿನಲ್ಲಿ ಕೂತು ಕೈಗೆ ಸಿಕ್ಕ ಗರಿಕೆ ಕೀಳತೊಡಗಿದೆ. ಅದು ಸುಲಭಕ್ಕೆ ಬರಲಿಲ್ಲ. ಜಗ್ಗಿದೆ. ನೀಲಿ ಕಲ್ಲಿನ ಸಂದಿಯಿಂದ ಉದ್ದನೆಯ ಬೇರು ಬಂತು, ಬೆಳ್ಳಗೆ, ತುಂಬ ಕೂದಲು ಕೂದಲಾಗಿ. ಹರಿವೆ ಸಾಯುವ ಜಾಗದಲ್ಲಿ ಇದು ಇಷ್ಟು ಸೊಂಪಾಗಿ ಹೇಗಿದೆ ಎಂದು ನೋಡುತ್ತಾ ಕೂತೆ. ಗರಿಕೆಗೆ ತಾಳಿಕೊಳ್ಳುವ ಗುಣ ಸ್ವಲ್ಪ ಇದ್ದೇ ಇದೆ. ಆದರೆ ಆ ಬೇರಿನ ಸುತ್ತ ಬದುಕುತ್ತಿರುವ ಜೀವಿಗಳು? ಅವೂ ಇಷ್ಟು ವರ್ಷ ತಾಮ್ರವನ್ನು ಉಂಡು ತಾಳಿದವೇ ಅಲ್ಲವೆ? ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಮಣ್ಣು ಸಮೇತ ಗರಿಕೆಯನ್ನು ಒಂದು ಚೀಲ ತುಂಬಿಕೊಂಡು ಬಸ್ಸು ಹತ್ತಿದೆ.

ನಮ್ಮ ಕೇಂದ್ರದ ಮುಖ್ಯಸ್ಥರಿಗೆ ಇದು ಹಿಡಿಸಲಿಲ್ಲ. "ಹೊಸ ತಳಿ ಹುಡುಕೋದು ವಿಶ್ವವಿದ್ಯಾಲಯದವರ ಕೆಲಸ ಕಣಮ್ಮ. ನಮ್ಮದು ಪ್ಯಾಕೆಟ್ ಮಾಡೋದು."

"ಹಂಗಾದ್ರ ನಾ ರಜಾ ಹಾಕಿ ಹುಡುಕ್ತೀನಿ ಸರ್," ಎಂದೆ.

ಅವರು ಕನ್ನಡಕ ತೆಗೆದು ಒರೆಸಿದರು. ಅದು ಅವರು ಸೋಲುವ ರೀತಿ. "ರಜೆ ಹಾಕಬೇಡ, ಇಲ್ಲೇ ಹುಡುಕು. ಪ್ಯಾಕೆಟ್ ಮಾತ್ರ ನಿಲ್ಲಬಾರದು."

ಹುಡುಕುವ ಕೆಲಸ ಹೇಳಲು ಸರಳ, ಮಾಡಲು ಬೇಸರದ್ದು. ಬೇರನ್ನು ಕೊಡವಿ, ಉದುರುವ ಮಣ್ಣನ್ನು ಬಿಟ್ಟು, ಅಂಟಿಕೊಂಡು ಉಳಿದ ಮಣ್ಣನ್ನಷ್ಟೇ, ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ತೊಳೆಯಬೇಕು. ಆ ನೀರನ್ನು ಮತ್ತೆ ಮತ್ತೆ ತೆಳುವಾಗಿಸಿ, ಗಾಜಿನ ತಟ್ಟೆಗಳಲ್ಲಿ ಹೆಪ್ಪುಗಟ್ಟಿಸಿದ ಆಹಾರದ ಮೇಲೆ ಸವರಬೇಕು. ನಾನು ಆ ಆಹಾರಕ್ಕೇ ಮೈಲುತುತ್ತ ಬೆರೆಸಿದೆ. ಮೊದಲ ತಟ್ಟೆಗಳಲ್ಲಿ ಚೂರು, ಮುಂದಿನವುಗಳಲ್ಲಿ ಇನ್ನಷ್ಟು. ತಟ್ಟೆಗಳು ಬರಬರುತ್ತಾ ನೀಲಿಯಾದವು. ತಿಳಿನೀಲಿ ತಟ್ಟೆಗಳಲ್ಲಿ ಬೇಕಾದಷ್ಟು ಚುಕ್ಕೆಗಳು ಎದ್ದವು. ನೀಲಿ ಗಾಢವಾದಂತೆ ಒಂದೊಂದೇ ಸೋತವು. ಕೊನೆಯ ತಟ್ಟೆಯಲ್ಲಿ ದಿನಗಟ್ಟಲೆ ಏನೂ ಇರಲಿಲ್ಲ. ಎಸೆಯಲೆಂದು ಎತ್ತಿಕೊಂಡ ಬೆಳಿಗ್ಗೆ, ಅಂಚಿನಲ್ಲಿ ಸಾಸಿವೆ ಗಾತ್ರದ, ಲೋಳೆಲೋಳೆಯಾದ ಒಂದು ಗುಳ್ಳೆ ಕಂಡಿತು. ತಂತಿಯಿಂದ ಮುಟ್ಟಿದರೆ ಎಳೆ ಎಳೆಯಾಗಿ ಬಂತು. ಆ ಲೋಳೆಯೇ ನನಗೆ ಬೇಕಾಗಿದ್ದದ್ದು. ನನಗೆ ಕುಣಿಯಬೇಕೆನಿಸಿತು. ಲ್ಯಾಬಿನಲ್ಲಿ ಬೇರೆ ಯಾರೂ ಇರಲಿಲ್ಲವಾದ್ದರಿಂದ ಸ್ವಲ್ಪ ಕುಣಿದೆ ಕೂಡ.

ಆದರೆ ಮಕ್ಕಳು ಉಣ್ಣುವ ತರಕಾರಿಗೆ ಹಾಕುವ ಜೀವಿ. ಅದು ಯಾವ ಕುಲದ್ದೆಂದು ತಿಳಿಯದೆ ಹೊರಗೆ ಬಿಡುವಂತಿಲ್ಲ. ದೊಡ್ಡ ಲ್ಯಾಬಿಗೆ ಕಳಿಸಿ ಕಾದೆ. ನಿರುಪದ್ರವಿ, ಮಣ್ಣಿನಲ್ಲಿ ಸಾಮಾನ್ಯವಾಗಿ ಇರುವ ಒಂದು ಕುಟುಂಬದ್ದು ಎಂಬ ಉತ್ತರ ಬಂದ ಮೇಲಷ್ಟೇ ಮುಂದಿನ ಹೆಜ್ಜೆ. ಕಾಯುವ ಹೊತ್ತಿನಲ್ಲಿ ಆ ನೆಲದ ಮಣ್ಣನ್ನು ಮೂಟೆಯಲ್ಲಿ ತರಿಸಿ ಕೇಂದ್ರದ ಹಿತ್ತಲಲ್ಲಿ ಕುಂಡ ತುಂಬಿದ್ದೆ. ಉತ್ತರ ಬಂದ ದಿನವೇ ಅರ್ಧ ಕುಂಡಗಳಿಗೆ ಜೀವಂತ ಬ್ಯಾಕ್ಟೀರಿಯಾ, ಇನ್ನರ್ಧಕ್ಕೆ ಅದನ್ನೇ ಕುದಿಸಿ ಕೊಂದು ಹಾಕಿದೆ. ಬೆಳವಣಿಗೆಗೆ ಜೀವ ಕಾರಣವೋ, ಬರೀ ಅದರ ಆಹಾರ ಕಾರಣವೋ ತಿಳಿಯಬೇಕಿತ್ತು. ಕುದಿಸಿದ್ದು ಹಾಕಿದ ಕುಂಡಗಳಲ್ಲಿ ಹರಿವೆ ಎಂದಿನಂತೆ ಮೊಂಡು ಹಿಡಿಯಿತು. ಜೀವಂತದ್ದು ಹಾಕಿದ ಕುಂಡಗಳಲ್ಲಿ ಎಲೆ ಅಗಲವಾಗಿ, ಕಡು ಹಸಿರಾಗಿ ಬಂತು. ಮುಖ್ಯಸ್ಥರು ಬಂದು ನೋಡಿ ಮತ್ತೆ ಕನ್ನಡಕ ಒರೆಸಿಕೊಂಡರು.

ಸಂಕ್ರಾಂತಿಗೆ ಮುಂಚೆ ಕ್ಯಾನುಗಳಲ್ಲಿ ದ್ರವ ತುಂಬಿಸಿ ಊರಿಗೆ ಕಳಿಸಿದೆ. ಬದನೆ, ಮೆಣಸಿನ ಸಸಿಗಳ ಬೇರನ್ನು ಅದರಲ್ಲಿ ಅದ್ದಿ ನೆಡಬೇಕಿತ್ತು. ನನಗೆ ಆ ದಿನ ಪ್ಯಾಕೆಟ್ ಕೆಲಸ, ಹೋಗಲಾಗಲಿಲ್ಲ. ಫೋನಿನಲ್ಲಿ ಎಲ್ಲ ಹೇಳಿದ್ದೆ. ಒಂದು ವಾರ ಬಿಟ್ಟು ಉತ್ಸಾಹದಿಂದ ಹೋದರೆ ಸಸಿಗಳು ಬಾಡಿ ಕೂತಿದ್ದವು. ಹೊಸ ಎಲೆಗಳು ಹಳದಿ. ಬುಡದಲ್ಲಿ ಪ್ರತಿ ಗಿಡಕ್ಕೂ ಒಂದೊಂದು ಬಿಳಿ ಉಂಗುರ.

"ಇದೇನಿದು ಬಿಳೀದು?"

"ಅಜ್ಜಾರನ್ನ ಕೇಳಿ," ಎಂದರು ಅಧ್ಯಕ್ಷೆ. "ಔಷಧಿ ಕಲ್ಸಿದ್ದು ಅವ್ರೇ."

ಆ ಅಜ್ಜ ಆ ಜಾಗದಲ್ಲಿ ಬೋರ್ಡೋ ಕಲಸುವುದಕ್ಕೆ ಹೆಸರಾದವರು. ಔಷಧಿ ಬಂದಿದೆ ಎಂದ ಕೂಡಲೇ ಸಂಘದವರು ಗೌರವದಿಂದ ಅವರನ್ನೇ ಕರೆಸಿದ್ದರು. ತಮ್ಮ ಕಾಲ ಮತ್ತೆ ಬಂತೆಂದು ಅವರೂ ಒಗೆದ ಪಂಚೆ ಉಟ್ಟು ಬಂದಿದ್ದರು. ಬೋರ್ಡೋ ಸರಿಯಾಗಿದೆಯೇ ಎಂದು ನೋಡುವ ಕ್ರಮ ಒಂದಿದೆ. ದ್ರಾವಣದಲ್ಲಿ ಕುಡುಗೋಲಿನ ತುದಿ ಅದ್ದಿ ತೆಗೆಯುತ್ತಾರೆ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಅಜ್ಜ ನನ್ನ ಕ್ಯಾನನ್ನು ಡ್ರಮ್ಮಿಗೆ ಸುರಿದು, ರೂಢಿಯಂತೆ ಸೋಸಿದ ಸುಣ್ಣದ ತಿಳಿ ಬೆರೆಸಿ, ಕುಡುಗೋಲು ಅದ್ದಿ ನೋಡಿದ್ದಾರೆ.

"ಒಂಚೂರೂ ಕೆಂಪು ಹತ್ತಲಿಲ್ಲ ನೋಡಿ," ಎಂದರು ನನಗೆ, ತುಂಬ ಖುಷಿಯಲ್ಲಿ. "ಭಾರೀ ಒಳ್ಳೆ ಔಷಧಿ ಮೇಡಂ. ನಾ ಕಲ್ಸಿದ್ದು ಯಾವತ್ತೂ ಒಂದು ಅಡಿಕೆ ಗೊನೆ ಸುಟ್ಟಿಲ್ಲ."

ಮೈಲುತುತ್ತವೇ ಇಲ್ಲದ ದ್ರವದಲ್ಲಿ ಕೆಂಪು ಎಲ್ಲಿಂದ ಹತ್ತಬೇಕು? ಅಷ್ಟು ಸುಣ್ಣದಲ್ಲಿ ಯಾವ ಜೀವ ಉಳಿಯಬೇಕು? ಡ್ರಮ್ಮಿನ ತಳದಲ್ಲಿ ಉಳಿದದ್ದನ್ನು ಒಯ್ದು ತಟ್ಟೆಗೆ ಹಾಕಿದಾಗ ಒಂದು ಚುಕ್ಕೆಯೂ ಏಳಲಿಲ್ಲ. ಅದು ನನಗೆ ಅಲ್ಲಿ ನಿಂತಾಗಲೇ ಗೊತ್ತಿತ್ತು. ಬೈಯಲು ಬಾಯಿಗೆ ಬಂದ ಮಾತುಗಳೆಲ್ಲ ಅಜ್ಜನ ಮುಖ ನೋಡಿ ಒಳಗೇ ಉಳಿದವು.

ಶಿವರಾತ್ರಿ ಹತ್ತಿರ ಬರುತ್ತಿತ್ತು. ಮತ್ತೊಮ್ಮೆ ಬಿತ್ತಿ, ಬೆಳೆದು, ಪರೀಕ್ಷೆ ಮಾಡಿಸಲು ಒಂದೇ ಒಂದು ಅವಕಾಶ ಉಳಿದಿತ್ತು. ಮಳಿಗೆಗೆ ಅಳತೆ ಹಿಡಿಯಲು ಒಂದು ಸಲ ಟೇಪು ಹಿಡಿದವರು ಬಂದು ಹೋಗಿದ್ದರು. ಬಸ್ಸಿಗೆ ಇನ್ನೂ ಹೊತ್ತು ಇದ್ದುದರಿಂದ ಅಧ್ಯಕ್ಷೆ ಮನೆಗೆ ಕರೆದೊಯ್ದು ಮಜ್ಜಿಗೆ ಕೊಟ್ಟರು. ನಾನು ಅವರಿಗೆ ಸುಣ್ಣದ ವಿಷಯ ಹೇಳಿದೆ. ಅವರು, "ಫೋನಲ್ಲಿ ನೀವು ನೆರಳಲ್ಲಿಡಿ, ಬಿಸಿ ನೀರು ಹಾಕ್ಬ್ಯಾಡಿ, ಒಂದೊಂದಾಗಿ ಹೇಳ್ತಾ ಹೋದ್ರಿ. ಸುಣ್ಣ ಹಾಕ್ಬ್ಯಾಡಿ ಅಂತ ಹೇಳ್ಳಿಲ್ಲ ನೋಡಿ," ಎಂದರು. ಹೌದು. ಔಷಧಿ ಎಂಬ ಮಾತಿನೊಳಗೇ ಸುಣ್ಣ ಇದೆ ಎಂದು ಶಿಕಾರಿಪುರದ ಕುರಿಯವರ ಮಗಳಿಗೆ ಹೇಗೆ ತಿಳಿಯಬೇಕು?

ಅಷ್ಟರಲ್ಲಿ ಅವರು ದೇವರ ಮುಂದೆ ದೀಪ ಹಚ್ಚಿ ಬಂದು, ಕಾಯಿಸಿದ ಹಾಲಿಗೆ ಕಿರುಬೆರಳು ಅದ್ದಿ ನೋಡಿದರು. ಇನ್ನೂ ಬಿಸಿ ಎಂದು ಪಕ್ಕಕ್ಕಿಟ್ಟರು. ಬಾಗಿಲಲ್ಲಿ ಪಕ್ಕದ ಮನೆಯವರು ಲೋಟ ಹಿಡಿದು ನಿಂತಿದ್ದರು. "ಅಕ್ಕಾ, ಒಂಚೂರು ಹೆಪ್ಪು ಇದ್ರೆ ಕೊಡು. ನಮ್ದು ಕೆಟ್ಟೋತು."

"ದೀಪ ಹಚ್ಚಿ ಆತಲ್ಲೇ. ಈಗ ಹೆಪ್ಪು ಹೊರಗೆ ಹೋಗಲ್ಲ. ಬೆಳಿಗ್ಗೆ ಬಾ."

ಆಕೆ ಏನೂ ಬೇಜಾರಿಲ್ಲದೆ ಹೋದರು. ಅಧ್ಯಕ್ಷೆ ಹಾಲು ಮತ್ತೆ ಮುಟ್ಟಿ ನೋಡಿ, ನಿನ್ನೆಯ ಮೊಸರಿನಿಂದ ಒಂದು ಚಮಚ ಬಿಟ್ಟು, ಮುಚ್ಚಿ, ಅಲುಗಾಡದ ಮೂಲೆಗೆ ಸರಿಸಿದರು. ನಾನು ಮಜ್ಜಿಗೆ ಲೋಟ ಕೆಳಗಿಟ್ಟೆ.

"ಅಕ್ಕಾ, ಹೆಪ್ಪನ್ನ ತಾಮ್ರದ ಪಾತ್ರೆಗೆ ಹಾಕ್ತೀರೇನು?"

"ಕಿಲುಬು ಹಿಡಿಯಲ್ವಾ? ಯಾರಾದ್ರೂ ಹಾಕ್ತಾರಾ?"

"ಕುದಿಯೋ ಹಾಲಿಗೆ?"

"ಸತ್ತೋಗ್ತದೆ."

"ಸುಣ್ಣ ಬೆರೆಸ್ತೀರೇನು?"

ಅವರು ನನ್ನನ್ನು ಕಣ್ಣರಳಿಸಿ ನೋಡಿದರು. ಬಿಸಿಲಿಗೆ ನನ್ನ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಆಮೇಲೆ ನಿಧಾನವಾಗಿ ಅವರ ಮುಖ ಬದಲಾಯಿತು. "ಇದೂ ಅಂಥದ್ದೇನಾ ಮೇಡಂ? ನಿಮ್ ಕ್ಯಾನಿಂದು?"

"ಇದೂ ಅಂಥದ್ದೇ. ಔಷಧಿ ಅಲ್ಲ ಅಕ್ಕಾ. ನಾನು ತಂದಿದ್ದು ಹೆಪ್ಪು. ನೆಲಕ್ಕ ಹಾಕೋ ಹೆಪ್ಪು."

ಆ ಮಾತು ಹೊಳೆದದ್ದು ನನಗೆ, ಆ ಜಾಗದಲ್ಲಿ, ಆ ಕ್ಷಣದಲ್ಲಿ. ಈ ಕೆಲಸದಲ್ಲಿ ಯಾವುದಕ್ಕೆ ನಿನಗೆ ಹೆಚ್ಚು ಹೆಮ್ಮೆ ಎಂದು ಯಾರಾದರೂ ಕೇಳಿದರೆ ನೀಲಿ ತಟ್ಟೆಯ ಗುಳ್ಳೆಯನ್ನಲ್ಲ, ಈ ಎರಡಕ್ಷರವನ್ನೇ ತೋರಿಸುತ್ತೇನೆ.

ಆ ರಾತ್ರಿ ಬಸ್ಸು ಬಿಟ್ಟು ಅಲ್ಲೇ ಉಳಿದೆ. ಮರುದಿನ ಶಾಲೆಯ ಜಗಲಿಯಲ್ಲಿ ಮತ್ತೆ ಸಭೆ. ಈ ಸಲ ವಿವರಿಸಿದ್ದು ಅಧ್ಯಕ್ಷೆ, ನಾನಲ್ಲ. ಹಾಲನ್ನು ಮೊಸರು ಮಾಡುವುದೂ ಕಣ್ಣಿಗೆ ಕಾಣದ ಜೀವವೇ ಎಂದಾಗ ಹಿಂದಿನ ಸಾಲಿನ ಅದೇ ಹೆಂಗಸು, "ಹಂಗಂತ ಮೊದ್ಲೇ ಹೇಳದಲ್ವಾ," ಎಂದರು. ಅಜ್ಜ ಮಾತ್ರ ಮುಖ ಸಣ್ಣ ಮಾಡಿಕೊಂಡಿದ್ದರು. "ನಂಗೆ ಹೆಪ್ಪು ಅಂದಿದ್ರೆ ನಾ ಸುಣ್ಣ ಮುಟ್ತಿದ್ನಾ?" ಎಂದು ಒಬ್ಬೊಬ್ಬರ ಹತ್ತಿರವೂ ಕೇಳಿದರು. ಯಾರೂ ಅವರನ್ನು ಸುಮ್ಮನೆ ಬಿಡಲಿಲ್ಲ. ವೀಳ್ಯದೆಲೆಗೆ ಹಚ್ಚಲು ಸುಣ್ಣ ತೆಗೆದರೂ, "ಅಜ್ಜಾ, ಹೆಪ್ಪಿನ ಕಡೆ ಹೋಗ್ಬ್ಯಾಡಿ," ಎಂದು ಕಾಡಿದರು.

ಕ್ರಮವನ್ನೂ ಬದಲಿಸಿದೆ. ದ್ರವವನ್ನು ನೇರವಾಗಿ ಬೇರಿಗೆ ಹಾಕುವ ಬದಲು ಜರಡಿ ಹಿಡಿದ ಕಾಂಪೋಸ್ಟಿಗೆ ಬೆರೆಸಿ, ಸ್ವಲ್ಪ ಬೆಲ್ಲದ ನೀರು ಚಿಮುಕಿಸಿ, ಶಾಲೆಯ ಹಿಂದಿನ ನೆರಳಲ್ಲಿ ಗೋಣಿ ಹೊದಿಸಿಟ್ಟೆವು. ಅದರಲ್ಲಿ ಒಂದು ಬೊಗಸೆ ನೀಲಿ ನೆಲದ ಮಣ್ಣನ್ನೂ ಸೇರಿಸಲು ಹೇಳಿದೆ. ತಾಮ್ರ ತಾಳದ ಬೇರೆ ಜೀವಿಗಳು ಹಿಂದೆ ಸರಿದು ನಮ್ಮದಕ್ಕೆ ಜಾಗ ಸಿಗಲಿ ಎಂಬ ಉಪಾಯ. ಗುಡ್ಡೆ ಎರಡು ವಾರ ಹಾಗೇ ಇರಬೇಕಿತ್ತು. ತೇವ ನೋಡಲು ನಾನು ಗೋಣಿ ಎತ್ತಿದರೆ ಒಬ್ಬರು ಕೈ ಹಿಡಿದರು. "ಪದೇ ಪದೇ ತೆಗ್ದು ನೋಡಿದ್ರೆ ಹಿಡಿಯಲ್ಲ ಮೇಡಂ. ಹೆಪ್ಪು ಅಲ್ವಾ?" ಫೋನಿನಲ್ಲಿ ನಾನು ಪಟ್ಟಿ ಮಾಡಿ ಹೇಳಿದ್ದಕ್ಕಿಂತ ಹೆಚ್ಚು ನಿಯಮಗಳು ಈಗ ತಾವಾಗಿಯೇ ಹುಟ್ಟಿಕೊಂಡಿದ್ದವು. ಕಿಲುಬು ಹಿಡಿದ ಬಿಂದಿಗೆ ಹತ್ತಿರ ಸುಳಿಯುವಂತಿಲ್ಲ. ಕೈ ತೊಳೆಯದೆ ಮುಟ್ಟುವಂತಿಲ್ಲ. ಪೂರ್ತಿ ಖಾಲಿ ಮಾಡುವಂತಿಲ್ಲ, ಒಂದು ಬುಟ್ಟಿ ಮುಂದಿನದಕ್ಕೆ ಉಳಿಯಲೇಬೇಕು.

ಒಂದಕ್ಕೆ ಮಾತ್ರ ನನಗೂ ಅವರಿಗೂ ಜಗಳವಾಯಿತು. ಬಿಸಿಲು ಬ್ಯಾಕ್ಟೀರಿಯಾಕ್ಕೆ ಆಗದು, ಸೂರ್ಯ ಮುಳುಗಿದ ಮೇಲೆ ಮಡಿಗೆ ಹಾಕೋಣ ಎಂದೆ. ದೀಪ ಹಚ್ಚಿದ ಮೇಲೆ ಹೆಪ್ಪು ಹೊರಗೆ ಹೋಗುವುದಿಲ್ಲ ಎಂದರು. ಇದು ಮೊಸರಲ್ಲ ಎಂದೆ. ಹೆಪ್ಪು ಅಂದೋರು ನೀವೇ ಎಂದರು. ನಾನು ಸೋತೆ. ಬಿಸಿಲು ಶಾಲೆಯ ಹೆಂಚಿನ ಹಿಂದೆ ಇಳಿದು, ಮನೆಗಳಲ್ಲಿ ದೀಪ ಹಚ್ಚುವುದಕ್ಕೆ ಮುಂಚಿನ ತಂಪು ಹೊತ್ತಿನಲ್ಲಿ ಎಲ್ಲರೂ ಸಾಲಾಗಿ ನಿಂತು ಮಡಿಗಳಿಗೆ ಹಾಕಿ ಹರಿವೆ ಬಿತ್ತಿದರು.

ಹರಿವೆ ಬೆರಳೆತ್ತರಕ್ಕೆ ಬಂದ ದಿನಗಳಲ್ಲಿ ನನಗೆ ಊಟ ಸೇರುತ್ತಿರಲಿಲ್ಲ. ಹಿಂದಿನ ಎರಡು ಸಲವೂ ಅಲ್ಲೇ ನಿಂತದ್ದು. ಒಂದು ಬೆಳಿಗ್ಗೆ ಅಧ್ಯಕ್ಷೆಯ ಫೋನು. "ಗೇಣು ದಾಟೈತೆ ಮೇಡಂ," ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ಪ್ಯಾಕೆಟ್ ಬಿಟ್ಟು ಓಡಿದೆ. ಒಂದು ಗಿಡ ಕಿತ್ತು ನೋಡಿದೆ. ಬೇರು ಗರಿಕೆಯದರಂತೆ ಬೆಳ್ಳಗೆ, ಕೂದಲು ಕೂದಲಾಗಿತ್ತು. ಅದನ್ನು ಮಣ್ಣು ಸಮೇತ ಎಲ್ಲರಿಗೂ ತೋರಿಸಿದೆ. ಆ ಮುಖಗಳನ್ನು ನೋಡುತ್ತಾ ನನಗೂ ಅಳು ಬಂತು, ಅತ್ತೆ.

ಬೆಳೆದರೆ ಮುಗಿಯಲಿಲ್ಲ. ಎಲೆಯೊಳಗೆ ತಾಮ್ರ ಎಷ್ಟಿದೆ ಎಂದು ತಿಳಿಯುವ ತನಕ ಒಂದು ಕಟ್ಟು ಸೊಪ್ಪೂ ಅಡುಗೆಮನೆಗೆ ಹೋಗಬಾರದು ಎಂದೆ. ಸೊಪ್ಪು, ಬೇರು ಎರಡನ್ನೂ ತೊಳೆದು ಒಣಗಿಸಿ ಪರೀಕ್ಷೆಗೆ ಕಳಿಸಿದ್ದೆ. ಯುಗಾದಿ ಮುಗಿಯಿತು, ಶಾಲೆ ಮುಚ್ಚುವ ದಿನ ಹತ್ತಿರವಾಯಿತು, ಫಲಿತಾಂಶದ ಸುದ್ದಿಯಿಲ್ಲ. ಹರಿವೆ ಬಲಿಯುತ್ತಿತ್ತು.

"ಇಷ್ಟು ಚೆನ್ನಾಗಿ ಬಂದೈತೆ, ಇನ್ನೆಂತ ಪರೀಕ್ಷೆ ಮೇಡಂ," ಎಂದರು ಅಧ್ಯಕ್ಷೆ. "ಒಂದು ದಿನ ಕೊಟ್ಟುಬಿಟ್ರೆ ನೆಲ ನಮ್ದಾಗ್ತದೆ."

"ನಿಮ್ಮ ಮೊಮ್ಮಗಳೂ ಅಲ್ಲೇ ಉಣ್ತಾಳಲ್ಲಕ್ಕಾ."

ಅವರು ನನ್ನನ್ನು ದುರುಗುಟ್ಟಿ ನೋಡಿದರು. ಆ ದಿನ ಮಜ್ಜಿಗೆ ಕೊಡಲಿಲ್ಲ. ಆದರೆ ಸೊಪ್ಪನ್ನೂ ಕೊಯ್ಯಲಿಲ್ಲ. ಅದನ್ನು ನಾನು ಯಾವತ್ತೂ ಮರೆಯುವುದಿಲ್ಲ.

ಶಾಲೆ ಮುಚ್ಚುವ ವಾರದಲ್ಲಿ ಫಲಿತಾಂಶ ಬಂತು. ತಾಮ್ರ ಬೇರಿನಲ್ಲೇ ಉಳಿದಿತ್ತು. ಎಲೆಯಲ್ಲಿ ಇದ್ದದ್ದು ಮಾರುಕಟ್ಟೆಯ ಸೊಪ್ಪಿನಲ್ಲಿರುವಷ್ಟೇ, ತಿನ್ನಲು ಅಡ್ಡಿಯಿಲ್ಲ ಎಂದಿತ್ತು. ನಾನು ಬಸ್ಸಿನಿಂದಲೇ ಫೋನು ಮಾಡಿದೆ. ನಾನು ತಲುಪುವಷ್ಟರಲ್ಲಿ ಹರಿವೆ ಹುಳಿ ಕುದಿಯುತ್ತಿತ್ತು. ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಯನ್ನೂ ಮಕ್ಕಳ ಸಾಲಿನಲ್ಲೇ ಕೂರಿಸಿದ್ದರು. ಅವರು ಎರಡನೇ ಸಲ ಹುಳಿ ಹಾಕಿಸಿಕೊಂಡರು. ತಟ್ಟೆಯಿಂದ ತಲೆಯೆತ್ತದೆ, "ಮಳಿಗೆಗೆ ಬೇರೆ ಜಾಗ ನೋಡೋಣ ಬಿಡ್ರೀ," ಎಂದರು. ಬಡಿಸುತ್ತಿದ್ದ ಅಧ್ಯಕ್ಷೆ ಸೌಟು ಹಿಡಿದೇ ನಿಂತುಬಿಟ್ಟರು.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಮುಂದಿನ ಮಳೆಗಾಲದಲ್ಲಿ ನಡೆದದ್ದನ್ನು ಹೇಳದಿದ್ದರೆ ಅಜ್ಜ ನನ್ನನ್ನು ಬಿಡುವುದಿಲ್ಲ. ಸೊರಬದ ಕಡೆಯ ಇನ್ನೂ ಕೆಲವು ಊರುಗಳಿಂದ, ತಮ್ಮಲ್ಲೂ ಬೋರ್ಡೋ ಕಲಸಿದ ಬೋಳು ಜಾಗಗಳಿವೆ ಎಂದು ಕೇಳಿ ಬಂದಿದ್ದರು. ಸರಿಯಾಗಿ ಆಗಲೇ ಸಿಡಿಲಿಗೆ ನಮ್ಮ ಕೇಂದ್ರದ ಫ್ರಿಜ್ಜು ಕೆಟ್ಟಿತು. ರಜೆಯ ದಿನಗಳು, ಯಾರೂ ನೋಡಲಿಲ್ಲ. ತೆರೆದಾಗ ನನ್ನ ಮೂಲ ತಳಿಯಿದ್ದ ಕೊಳವೆಗಳೆಲ್ಲ ಬೂಷ್ಟು ಹಿಡಿದಿದ್ದವು. ಒಂದೂ ಉಳಿದಿರಲಿಲ್ಲ. ಅಷ್ಟು ಕಷ್ಟದ ಗುಳ್ಳೆ ಲೋಕದಲ್ಲಿ ಇನ್ನೊಂದೇ ಕಡೆ ಇತ್ತು.

ಸಿಕ್ಕ ಬಸ್ಸು ಹತ್ತಿ ಊರು ತಲುಪುವಷ್ಟರಲ್ಲಿ ಕತ್ತಲಾಗಿತ್ತು. ಅಧ್ಯಕ್ಷೆಯ ಮನೆಯ ಬಾಗಿಲಲ್ಲಿ ನಿಂತು ನಡೆದದ್ದೆಲ್ಲ ಹೇಳಿದೆ. ಹೆಪ್ಪು ಬೇಕು ಎಂದೆ.

"ಅದಕ್ಕೇನು, ಐತೆ," ಎಂದರು. "ಆದ್ರೆ ದೀಪ ಹಚ್ಚಿ ಆತಲ್ಲ ಮೇಡಂ. ಊಟ ಮಾಡಿ ಮಲಗಿ. ಬೆಳಿಗ್ಗೆ ತಗಂಡೋಗಿ."

ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಾ ಕೂತಿದ್ದ ಅಜ್ಜ ಗಂಟಲು ಸರಿಮಾಡಿಕೊಂಡರು. "ಹೆಪ್ಪು ಕೆಡ್ಸಿದ್ದು ಯಾರೀಗ?" ಎಂದರು. "ಸುಣ್ಣ ಗಿಣ್ಣ ಏನಾರ ಹಾಕಿದ್ರಾ ಮೇಡಂ?"

ಅಷ್ಟು ನಗು ನಾನು ಆ ವರ್ಷ ಬೇರೆಲ್ಲೂ ನಕ್ಕಿಲ್ಲ.

ಬೆಳಿಗ್ಗೆ ಗೋಣಿಯ ಮೂಲೆಯನ್ನಷ್ಟೇ ಎತ್ತಿ, ಒಂದು ಮಣ್ಣಿನ ಕುಡಿಕೆಗೆ ತುಂಬಿ, ಬಾಳೆ ಎಲೆ ಕಟ್ಟಿ ಕೊಟ್ಟರು. "ಎಲ್ಲಾ ಖರ್ಚು ಮಾಡ್ಬ್ಯಾಡಿ. ಒಂಚೂರು ಉಳ್ಸಿಕಳಿ," ಎಂದು ನನಗೇ ಬುದ್ಧಿ ಹೇಳಿದರು. ಆ ನೆಲದಲ್ಲಿ ಮಳಿಗೆ ಎದ್ದಿದ್ದರೆ ಈ ಕುಡಿಕೆ ತುಂಬಲು ಏನೂ ಇರುತ್ತಿರಲಿಲ್ಲ. ನಾನು ಅವರಿಗಾಗಿ ಉಳಿಸಿಕೊಟ್ಟೆ ಎಂದುಕೊಂಡಿದ್ದ ನೆಲ ನನ್ನ ಕೆಲಸವನ್ನು ಉಳಿಸಿಕೊಟ್ಟಿತ್ತು.

ಶಿಕಾರಿಪುರದ ಬಸ್ಸಿನಲ್ಲಿ ಕುಡಿಕೆಯನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಹಿಡಿದು ಕೂತಿದ್ದೆ. ಟಿಕೆಟ್ ಹರಿಯುತ್ತಾ ಕಂಡಕ್ಟರ್ ಬಗ್ಗಿ ನೋಡಿದ.

"ಏನ್ರೀ ಅಕ್ಕಾರ ಅದು, ಅಷ್ಟ್ ಗಟ್ಟಿ ಹಿಡಕೊಂಡೀರಿ?"

"ಹೆಪ್ಪು."

"ಶಿಕಾರಿಪುರದಾಗ ಹೆಪ್ಪು ಸಿಗಂಗಿಲ್ಲೇನ್ರೀ?"

"ಇಲ್ಲರಿ," ಎಂದೆ. "ನಂದು ಕೆಟ್ಟುಹೋತು. ಅದಕ್ಕ ಅವರ ಮನಿಯಿಂದ ಇಸಕೊಂಡು ಹೊಂಟೀನಿ."